ಪುಕ್ಕಟೆ ಕಸ, ದುಬಾರಿ ಸಕ್ಕರೆ: ಬ್ಯಾಕ್ಟೀರಿಯಾ ಸೆಲ್ಯುಲೋಸ್‌ಗೆ ಯಾವ ಕೃಷಿ ತ್ಯಾಜ್ಯ ಆರಿಸಬೇಕು?

ಹತ್ತು ದಿನ ಅಲುಗಾಡಿಸದೆ ಇಟ್ಟ ಟ್ರೇ ಮೇಲಿನ ಬಟ್ಟೆ ಸರಿಸಿದರೆ ಮೊದಲು ಮೂಗಿಗೆ ಬಡಿಯುವುದು ವಿನೆಗರ್ ವಾಸನೆ. ಆಮೇಲೆ ಕಾಣುವುದು ಕೆನೆ. ಹಾಲಿನ ಕೆನೆಯಷ್ಟು ತೆಳ್ಳಗಲ್ಲ, ಬೆರಳಷ್ಟು ದಪ್ಪ. ಒತ್ತಿದರೆ ಜೆಲ್ಲಿಯ ಹಾಗೆ ಕುಣಿಯುತ್ತದೆ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಅದನ್ನೇ ತೊಳೆದು ಒಣಗಿಸಿದರೆ ಕಾಗದದಂಥ ತೆಳು ಹಾಳೆ ಮಾತ್ರ ಉಳಿಯುತ್ತದೆ. ಯಾಕೆಂದರೆ ಆ ಕೆನೆಯ ತೂಕದಲ್ಲಿ ಶೇ. 98–99ರಷ್ಟು ಬರೀ ನೀರು.

ಇದೇ ಬ್ಯಾಕ್ಟೀರಿಯಾ ಸೆಲ್ಯುಲೋಸ್. ವಿನೆಗರ್ ಬ್ಯಾಕ್ಟೀರಿಯಾಗಳ ಬಳಗದ ಒಂದು ಜೀವಿ ಸಕ್ಕರೆ ತಿಂದು ಹೆಣೆಯುವ ನಾರು. 1886ರಲ್ಲಿ ಎ. ಜೆ. ಬ್ರೌನ್ ಇದನ್ನು ವಿವರಿಸಿದಾಗ ಆ ಜೀವಿಗೆ ಬ್ಯಾಕ್ಟೀರಿಯಂ ಕ್ಸೈಲಿನಮ್ ಎಂದರು. ಆಮೇಲೆ ಅದು ಅಸಿಟೋಬ್ಯಾಕ್ಟರ್ ಆಯಿತು, ಗ್ಲುಕೋನಾಸಿಟೋಬ್ಯಾಕ್ಟರ್ ಆಯಿತು, ಈಗ ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್. ಹಳೆಯ ಬರಹಗಳಲ್ಲಿ ಬೇರೆ ಬೇರೆ ಹೆಸರು ಕಂಡರೆ ಗಾಬರಿ ಬೇಡ, ಆಸಾಮಿ ಒಬ್ಬನೇ.

ಗಿಡದಿಂದ ಬರುವ ಸೆಲ್ಯುಲೋಸ್‌ಗೆ ಲಿಗ್ನಿನ್, ಹೆಮಿಸೆಲ್ಯುಲೋಸ್ ಎಂಬ ಬೇರೆ ವಸ್ತುಗಳು ಅಂಟಿಕೊಂಡಿರುತ್ತವೆ. ಇದರಲ್ಲಿ ಆ ರಗಳೆ ಇಲ್ಲ. ಎಳೆಗಳೂ ನ್ಯಾನೋಮೀಟರ್ ಲೆಕ್ಕದಷ್ಟು ಸಣ್ಣವು. ಅದಕ್ಕೇ ಗಾಯದ ಪಟ್ಟಿ, ಮುಖದ ಮಾಸ್ಕ್, ಬ್ಯಾಗ್, ಚಪ್ಪಲಿಗೆ ಚರ್ಮದ ಬದಲು ಬಳಸುವ ಹಾಳೆ ಎಂದು ಎಲ್ಲ ಕಡೆ ಇದಕ್ಕೆ ಕೇಳಿಕೆ ಇದೆ. 1980ರ ದಶಕದ ಕೊನೆಯಲ್ಲಿ ಸೋನಿ ತನ್ನ ಹೆಡ್‌ಫೋನಿನ ಕಂಪಿಸುವ ಪರದೆಗೂ ಇದನ್ನೇ ಬಳಸಿತ್ತು.

ತೊಂದರೆ ಇರುವುದು ಊಟದ ಖರ್ಚಿನಲ್ಲಿ. ಲ್ಯಾಬಿನಲ್ಲಿ ಕೊಡುವ ಆಹಾರ ದುಬಾರಿ. ಹಾಗಾಗಿ ಎಲ್ಲರ ಕಣ್ಣು ಕೃಷಿ ತ್ಯಾಜ್ಯದ ಮೇಲೆ. ಕಾಕಂಬಿ, ಹಣ್ಣಿನ ಸಿಪ್ಪೆ, ತೆಂಗಿನಕಾಯಿ ನೀರು, ಹಾಲೊಡಕು, ಹುಲ್ಲು, ಮೆಕ್ಕೆಜೋಳದ ದಿಂಡು, ಹೀಗೆ ಪಟ್ಟಿ ಉದ್ದ ಇದೆ. ಇದರಲ್ಲಿ ಆರಿಸುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: ಯಾವುದು ಅಗ್ಗ? ನನಗೆ ಅದು ತಪ್ಪು ಪ್ರಶ್ನೆ ಅನ್ನಿಸುತ್ತದೆ. ಕಸ ಪುಕ್ಕಟೆ ಸಿಗಬಹುದು. ಆ ಕಸದೊಳಗಿನ ಸಕ್ಕರೆ ಪುಕ್ಕಟೆ ಅಲ್ಲ. ಕಸಕ್ಕೂ ಬ್ಯಾಕ್ಟೀರಿಯಾದ ಬಾಯಿಗೂ ನಡುವೆ ಎಷ್ಟು ಕೆಲಸ ಇದೆ ಅಂತ ಕೇಳಿ. ಈ ಬರಹದ ಹೋಲಿಕೆ ಪೂರ್ತಿ ಆ ಪ್ರಶ್ನೆಯ ಮೇಲೆ ನಿಂತಿದೆ.

ಈ ಜೀವಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ

ಅಳತೆಗೋಲು ಒಂದು ಇರಲಿ. 1954ರಲ್ಲಿ ಹೆಸ್ಟ್ರಿನ್ ಮತ್ತು ಶ್ರಮ್ ಕೊಟ್ಟ ಪಾಕವನ್ನು ಇವತ್ತಿಗೂ ಎಲ್ಲರೂ ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ. ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲೂಕೋಸ್, 5 ಗ್ರಾಂ ಪೆಪ್ಟೋನ್ (ಒಡೆದ ಪ್ರೋಟೀನ್, ಸಾರಜನಕದ ಮೂಲ), 5 ಗ್ರಾಂ ಯೀಸ್ಟ್ ಸಾರ, 2.7 ಗ್ರಾಂ ಡೈಸೋಡಿಯಂ ಫಾಸ್ಫೇಟ್, 1.15 ಗ್ರಾಂ ಸಿಟ್ರಿಕ್ ಆಮ್ಲ. ಇದರಲ್ಲಿ ಜೇಬು ಸುಡುವುದು ಗ್ಲೂಕೋಸ್‌ಗಿಂತ ಪೆಪ್ಟೋನ್ ಮತ್ತು ಯೀಸ್ಟ್ ಸಾರ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಬೆಚ್ಚಗಿನ ಜಾಗ, 28ರಿಂದ 30 ಡಿಗ್ರಿ ಸೆಲ್ಸಿಯಸ್. ಸ್ವಲ್ಪ ಹುಳಿ, ಪಿಎಚ್ 4ರಿಂದ 6. ಗಾಳಿ ಬೇಕೇ ಬೇಕು. ಅದಕ್ಕೇ ಕೆನೆ ಯಾವಾಗಲೂ ಮೇಲ್ಮೈಯಲ್ಲೇ ಕಟ್ಟುತ್ತದೆ. ಆಳದ ಪಾತ್ರೆಗಿಂತ ಅಗಲದ ಟ್ರೇ ಒಳ್ಳೆಯದು.

ಸಕ್ಕರೆಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ನೇರವಾಗಿ ಸೇರುತ್ತವೆ. ಗ್ಲಿಸರಾಲ್, ಮ್ಯಾನಿಟಾಲ್ ಕೂಡ ಆಗುತ್ತವೆ. ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ಬಹಳಷ್ಟು ತಳಿಗಳಿಗೆ ನಿಧಾನ. ಹಾಲಿನ ಲ್ಯಾಕ್ಟೋಸ್ ಹೆಚ್ಚಿನವಕ್ಕೆ ಆಗುವುದೇ ಇಲ್ಲ. ಪಿಷ್ಟವನ್ನು ಅದು ಮುಟ್ಟುವುದಿಲ್ಲ. ಹುಲ್ಲಿನ ಸೆಲ್ಯುಲೋಸನ್ನಂತೂ ಒಡೆದು ಕೊಡದೆ ಗತಿಯಿಲ್ಲ.

ಗ್ಲೂಕೋಸ್ ಇಷ್ಟ ಅಂತ ಅದನ್ನೇ ಸುರಿದರೆ ಇನ್ನೊಂದು ತರಲೆ. ಬ್ಯಾಕ್ಟೀರಿಯಾ ಅದರಲ್ಲಿ ಒಂದಷ್ಟನ್ನು ಒಳಗೆ ತೆಗೆದುಕೊಳ್ಳುವ ಮೊದಲೇ ಗ್ಲುಕೋನಿಕ್ ಆಮ್ಲ ಮಾಡಿಬಿಡುತ್ತದೆ. ದ್ರವ ಹುಳಿಯಾಗುತ್ತಾ ಹೋಗುತ್ತದೆ, ನೇಯ್ಗೆ ನಿಧಾನವಾಗುತ್ತದೆ, ಸಕ್ಕರೆಯೂ ವ್ಯರ್ಥ. ಫ್ರಕ್ಟೋಸ್ ಅಥವಾ ಗ್ಲಿಸರಾಲ್ ಕೊಟ್ಟಾಗ ಈ ಆಮ್ಲ ಬರುವುದಿಲ್ಲ. ಹಾಗಾಗಿ ಸಕ್ಕರೆ ಜಾಸ್ತಿ ಹಾಕಿದಷ್ಟೂ ಕೆನೆ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲೀಟರಿಗೆ 20ರಿಂದ 40 ಗ್ರಾಂ ಸಾಕು.

ಇಳುವರಿಯ ಗಡಿಯನ್ನೂ ಹೇಳಿಬಿಡುತ್ತೇನೆ. ಗ್ಲೂಕೋಸ್ ಸರಪಳಿಯಾಗಿ ಜೋಡುವಾಗ ಪ್ರತಿ ಕೊಂಡಿಯಲ್ಲೂ ಒಂದು ನೀರಿನ ಅಣು ಹೋಗುತ್ತದೆ. ಹಾಗಾಗಿ 100 ಗ್ರಾಂ ಗ್ಲೂಕೋಸ್‌ಗೆ 90 ಗ್ರಾಂ ಸೆಲ್ಯುಲೋಸ್ ಎನ್ನುವುದು ಕಾಗದದ ಮೇಲಿನ ಗಡಿ. ಬ್ಯಾಕ್ಟೀರಿಯಾ ಬದುಕಲೂ ಬೇಕಲ್ವಾ? ವಾಸ್ತವದಲ್ಲಿ 20–30 ಗ್ರಾಂ ಬಂದರೆ ಕೆಲಸ ಚೆನ್ನಾಗಿ ನಡೆದಿದೆ ಎಂದೇ ಅರ್ಥ. 10 ಲೀಟರ್ ದ್ರವದಲ್ಲಿ 200 ಗ್ರಾಂ ಸಕ್ಕರೆ ಇದ್ದು ಅದರ ಐದನೇ ಒಂದು ಭಾಗ ನಾರಾದರೆ ಒಣ ತೂಕ 40 ಗ್ರಾಂ. ಹಸಿಯಾಗಿ ಅದೇ ಸುಮಾರು 4 ಕಿಲೋ. ಯಾರಾದರೂ ಕಿಲೋಗಟ್ಟಲೆ ಇಳುವರಿ ಬಂತು ಅಂದರೆ ಹಸಿಯೋ ಒಣದೋ ಅಂತ ಮೊದಲು ಕೇಳಿ.

ಹಿಂಡಿದರೆ ಸಕ್ಕರೆ ಬರುವ ಕಸ

ಹೊಸಬರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಈ ಗುಂಪನ್ನು. ಬಲಿತ ತೆಂಗಿನಕಾಯಿಯ ನೀರು, ಅನಾನಸ್ ಸಿಪ್ಪೆ, ಗೇರುಹಣ್ಣು, ಮಾರಾಟಕ್ಕೆ ಬಾರದ ಅತಿಹಣ್ಣುಗಳು, ದ್ರಾಕ್ಷಿ ಹಿಂಡಿದ ಚರಟ. ಇವುಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಆಗಲೇ ಇವೆ. ಆಮ್ಲ, ಕಿಣ್ವ ಎಂದು ಒದ್ದಾಡಬೇಕಿಲ್ಲ.

ಇವುಗಳಲ್ಲಿ ಎಲ್ಲಕ್ಕಿಂತ ಸಲೀಸು ತೆಂಗಿನಕಾಯಿ ನೀರು. ಫಿಲಿಪ್ಪೀನ್ಸ್‌ನ ನಾಟಾ ಡಿ ಕೋಕೊ ಎಂಬ ತಿನಿಸು ಇದೇ ನೀರಿನ ಮೇಲೆ ಕಟ್ಟಿದ ಸೆಲ್ಯುಲೋಸ್ ಕೆನೆ. ಅಂದರೆ ಪ್ರಯೋಗಶಾಲೆಯ ಹೊರಗೆ, ದೊಡ್ಡ ಪ್ರಮಾಣದಲ್ಲಿ, ವರ್ಷಗಟ್ಟಲೆ ನಡೆದು ತೋರಿಸಿದ ದಾರಿ ಇದು. ಸೋಸಿ, ಕುದಿಸಿ, ಬೇಕಾದರೆ ಸ್ವಲ್ಪ ಸಕ್ಕರೆ ಸೇರಿಸಿ, ಲೀಟರಿಗೆ 5 ಗ್ರಾಂನಷ್ಟು ಅಮೋನಿಯಂ ಸಲ್ಫೇಟ್ ಹಾಕಿ, ಅಸಿಟಿಕ್ ಆಮ್ಲದಿಂದ ಪಿಎಚ್ 4–4.5ಕ್ಕೆ ತಂದು, ಆರಿದ ಮೇಲೆ ಬ್ಯಾಕ್ಟೀರಿಯಾ ಇರುವ ಹೆಪ್ಪು ಹಾಕಿದರೆ ಮುಗಿಯಿತು. ಕೆನೆ ಬೆಳ್ಳಗೆ ಬರುತ್ತದೆ, ತೊಳೆಯುವ ಕೆಲಸ ಕಡಿಮೆ.

ಅನಾನಸ್ ಸಿಪ್ಪೆ ಎರಡನೆಯದು. ಅರೆದು, ನೀರು ಬೆರೆಸಿ, ಹಿಂಡಿ, ಸೋಸಬೇಕು. ಹುಳಿ ತಾನೇ ಇರುತ್ತದೆ, ಪಿಎಚ್ ಸರಿಪಡಿಸುವ ಕೆಲಸ ಕಡಿಮೆ. ಸಕ್ಕರೆ ಮಾತ್ರ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ. ಸಕ್ಕರೆ ಅಳೆಯುವ ಒಂದು ಬ್ರಿಕ್ಸ್ ಮೀಟರ್ ಇಟ್ಟುಕೊಂಡು ಪ್ರತಿ ಸಲ ಅಳೆಯಿರಿ. ಅಳೆಯದೆ ಮಾಡಿದರೆ ಒಂದು ವಾರ ದಪ್ಪ ಕೆನೆ, ಮುಂದಿನ ವಾರ ತೆಳು ಕೆನೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಗೇರುಹಣ್ಣಿನಲ್ಲಿ ಸಕ್ಕರೆ ಧಾರಾಳ, ಆದರೆ ಟ್ಯಾನಿನ್ ಒಗರು. ಸ್ವಲ್ಪ ಜೆಲಾಟಿನ್ ಕರಗಿಸಿ ಹಾಕಿದರೆ ಟ್ಯಾನಿನ್ ಅದಕ್ಕೆ ಅಂಟಿಕೊಂಡು ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು. ಕಿತ್ತಳೆ, ನಿಂಬೆ ಜಾತಿಯ ಸಿಪ್ಪೆಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹ ಇಲ್ಲ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೋನೀನ್ ಸೂಕ್ಷ್ಮಜೀವಿಗಳಿಗೆ ಆಗದು. ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿದರೆ ಆವಿಯ ಜೊತೆ ಬಹುಪಾಲು ಹೋಗುತ್ತದೆ, ನಿಜ. ಆದರೆ ಪೆಕ್ಟಿನ್ ದೆಸೆಯಿಂದ ದ್ರವ ಲೋಳೆಯಾಗಿ ಸೋಸಲು ಬಾರದೆ ಸತಾಯಿಸುತ್ತದೆ. ಬೇರೆ ಏನೂ ಸಿಗದಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಕಾಫಿ ಹಣ್ಣಿನ ಸಿಪ್ಪೆಯ ಕಥೆ ಸ್ವಲ್ಪ ಬೇರೆ. ಅದರ ಕೆಫೀನ್ ಕಂಡು ಜನ ಹಿಂಜರಿಯುತ್ತಾರೆ. ಈ ಬ್ಯಾಕ್ಟೀರಿಯಾದ ಮಟ್ಟಿಗೆ ಕೆಫೀನ್ ಶತ್ರುವಲ್ಲ, ಬದಲಿಗೆ ನೇಯ್ಗೆಗೆ ಕುಮ್ಮಕ್ಕು. 1987ರಲ್ಲಿ ಮೋಶೆ ಬೆನ್ಜಿಮನ್ ಅವರ ತಂಡ ಇದೇ ಜೀವಿಯಲ್ಲಿ ಸೈಕ್ಲಿಕ್ ಡೈ-ಜಿಎಂಪಿ ಎಂಬ ಸಂಕೇತ ಅಣುವನ್ನು ಕಂಡುಹಿಡಿಯಿತು. ಸೆಲ್ಯುಲೋಸ್ ನೇಯಲು ಚಾಲನೆ ಕೊಡುವುದು ಅದೇ. ಆ ಅಣುವನ್ನು ಒಡೆದುಹಾಕುವ ಕಿಣ್ವಕ್ಕೆ ಕೆಫೀನ್ ಅಡ್ಡಗಾಲು ಹಾಕುತ್ತದೆ. ಹಾಗಾಗಿ ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಕೊಂಬುಚಾ ಎಂಬ ಹುಳಿ ಬರಿಸಿದ ಚಹಾದ ಮೇಲೆ ಕೆನೆ ಅಷ್ಟು ಸೊಂಪಾಗಿ ಕಟ್ಟುವುದಕ್ಕೆ ಇದೂ ಒಂದು ಕಾರಣ. ಕಾಫಿ ಸಿಪ್ಪೆಯಲ್ಲಿ ಪಾಲಿಫಿನಾಲ್‌ಗಳ ಕಾಟ ಬೇರೆ ಇದೆ, ಹಾಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೂ ಒಮ್ಮೆ ಮಾಡಿ ನೋಡಬೇಕಾದದ್ದು.

ಈ ಇಡೀ ಗುಂಪಿನ ದೌರ್ಬಲ್ಯ ಒಂದೇ: ಕಾಯುವುದಿಲ್ಲ. ಬೆಳಿಗ್ಗೆ ತಂದ ಸಿಪ್ಪೆ ಸಂಜೆಗೆ ನೊರೆ ಬಿಡುತ್ತದೆ. ಸುಗ್ಗಿಯಲ್ಲಿ ರಾಶಿ, ಆಮೇಲೆ ಏನೂ ಇಲ್ಲ. ತಂದ ದಿನವೇ ಕುದಿಸಿ ಇಡಲು ಅನುಕೂಲ ಇಲ್ಲದವರು ಇದನ್ನು ನಂಬಿ ಘಟಕ ಕಟ್ಟಬಾರದು.

ಕಾಕಂಬಿ: ವರ್ಷವಿಡೀ ಸಿಗುವ ಕಪ್ಪು ಪಾಕ

ಕಾಯುವ ವಿಷಯದಲ್ಲಿ ಕಾಕಂಬಿಗೆ ಸರಿಸಾಟಿ ಇಲ್ಲ. ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ತೂಕದ ಅರ್ಧದಷ್ಟು ಸಕ್ಕರೆಯೇ. ಲೀಟರಿಗೆ 40 ಗ್ರಾಂ ಕಾಕಂಬಿ ಕರಗಿಸಿದರೆ ಸುಮಾರು 20 ಗ್ರಾಂ ಸಕ್ಕರೆ ಸಿಕ್ಕಿತು. ಇಲ್ಲಿ ಬ್ರಿಕ್ಸ್ ಮೀಟರನ್ನು ನಂಬಬೇಡಿ. ಕಾಕಂಬಿಯಲ್ಲಿ ಉಪ್ಪಿನಂಶ ಬಹಳ, ಮೀಟರ್ ಅದನ್ನೂ ಸಕ್ಕರೆ ಅಂತಲೇ ಎಣಿಸುತ್ತದೆ.

ಹಾಗಾದರೆ ಎಲ್ಲರೂ ಇದನ್ನೇ ಬಳಸಬಾರದೇಕೆ? ಎರಡು ಕಾರಣ. ಮೊದಲನೆಯದು, ಸಕ್ಕರೆಯ ದೊಡ್ಡ ಪಾಲು ಸುಕ್ರೋಸ್. ಅದನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಮುರಿದು ಕೊಟ್ಟರೆ ಬ್ಯಾಕ್ಟೀರಿಯಾ ಚುರುಕಾಗುತ್ತದೆ. ಎರಡನೆಯದು ಬಣ್ಣ ಮತ್ತು ಲೋಹದ ಅಂಶಗಳು. ಕಬ್ಬಿನ ಮಿಲ್ಲಿನ ಕೊನೆಯ ಹಂತದಲ್ಲಿ ಉಳಿಯುವುದು ತಾನೇ, ಕೊಳೆಯೆಲ್ಲ ಅದರಲ್ಲೇ ಸೇರಿರುತ್ತದೆ.

ಎರಡಕ್ಕೂ ಸೇರಿ ಒಂದು ಹಳೆಯ ಉಪಾಯ ಇದೆ. ತೆಳು ಮಾಡಿದ ಕಾಕಂಬಿಗೆ ಗಂಧಕಾಮ್ಲ ಹಾಕಿ ಪಿಎಚ್ 3ರ ಆಸುಪಾಸಿಗೆ ತಂದು ಬಿಸಿ ಮಾಡುವುದು. ಸುಕ್ರೋಸ್ ಮುರಿಯುತ್ತದೆ. ಆಮೇಲೆ ಸುಣ್ಣದ ತಿಳಿ ಹಾಕಿ ಪಿಎಚ್ ಮೇಲಕ್ಕೆತ್ತುವುದು. ಆಮ್ಲಕ್ಕೆ ಸುಣ್ಣ ಸೇರಿ ಜಿಪ್ಸಮ್ ಆಗುತ್ತದೆ, ತಳಕ್ಕೆ ಇಳಿಯುತ್ತದೆ. ಇಳಿಯುವಾಗ ಒಂದಷ್ಟು ಬಣ್ಣವನ್ನೂ ಕೊಳೆಯನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಸರಿನಂಥ ಗಸಿ, ಮೇಲೆ ಕೆಂಪುಕಂದು ತಿಳಿ. ಇನ್ನೂ ಸ್ವಚ್ಛ ಬೇಕಾದರೆ ಸಕ್ರಿಯ ಇದ್ದಿಲಿನ ಪುಡಿಯಲ್ಲಿ ಸೋಸಬೇಕು. ಒಂದು ಎಚ್ಚರಿಕೆ: ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಆಮ್ಲದ ಸಹವಾಸ ಬೇಡ ಎನ್ನುವವರಿಗೆ ಇನ್ನೊಂದು ದಾರಿ, ಕೊಂಬುಚಾದಂಥ ಮಿಶ್ರ ಹೆಪ್ಪು. ಅದರಲ್ಲಿ ಬ್ಯಾಕ್ಟೀರಿಯಾ ಜೊತೆ ಯೀಸ್ಟ್ ಇರುತ್ತದೆ. ಸುಕ್ರೋಸ್ ಮುರಿಯುವ ಕಿಣ್ವ ಯೀಸ್ಟ್ ಬಳಿ ಇದೆ, ಕೆಲಸ ಅದೇ ಮಾಡಿಕೊಳ್ಳುತ್ತದೆ. ಮೇಲಿಂದ ಸ್ವಲ್ಪ ಆಲ್ಕೋಹಾಲ್ ಕೂಡ ಬಿಡುತ್ತದೆ. ಶೇ. 1ರಷ್ಟು ಎಥನಾಲ್ ಇದ್ದರೆ ಈ ಬ್ಯಾಕ್ಟೀರಿಯಾ ಅದನ್ನು ಸುಟ್ಟು ಶಕ್ತಿ ಪಡೆದು ಸಕ್ಕರೆಯನ್ನು ನಾರಿಗೆ ಉಳಿಸುತ್ತದೆ, ಇಳುವರಿ ಏರುತ್ತದೆ. ಒಂದು ಹೊಡೆತಕ್ಕೆ ಎರಡು ಲಾಭ. ನಷ್ಟ ಏನೆಂದರೆ ಯೀಸ್ಟ್ ಕಣಗಳು ಹಾಳೆಯೊಳಗೇ ಸಿಕ್ಕಿಕೊಳ್ಳುತ್ತವೆ. ಬ್ಯಾಗ್, ಚಪ್ಪಲಿ ಮಾಡುವವರಿಗೆ ಪರವಾಗಿಲ್ಲ. ಶುದ್ಧ ಹಾಳೆ ಬೇಕಾದವರಿಗೆ ಆಗದು.

ನನ್ನ ಮೊದಲ ಕಾಕಂಬಿ ಟ್ರೇ ಹಾಳಾದದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ಮೂರನೇ ದಿನ ಕೆನೆ ಕಟ್ಟಿದೆಯಾ ಅಂತ ಸುಮ್ನೆ ಟ್ರೇ ಎತ್ತಿ ಬೆಳಕಿಗೆ ಹಿಡಿದೆ. ಕಪ್ಪು ದ್ರವದಲ್ಲಿ ಏನೂ ಕಾಣಲಿಲ್ಲ, ಇನ್ನೂ ಸ್ವಲ್ಪ ಓರೆ ಮಾಡಿದೆ. ತೆಳು ಪೊರೆ ಮಡಚಿಕೊಂಡು ಮುಳುಗಿತು. ನಾಲ್ಕು ದಿನದ ನಂತರ ಮೇಲೆ ಹೊಸ ಪೊರೆ, ಅದರ ಕೆಳಗೆ ಮುದುಡಿದ ಹಳೆಯದು. ಎರಡೂ ಬೇರೆ ಬೇರೆ ಪದರ, ಒಂದಕ್ಕೊಂದು ಅಂಟಲೇ ಇಲ್ಲ. ಒಣಗಿಸಿದಾಗ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು.

ಹಾಲೊಡಕು, ಪಿಷ್ಟ, ಗ್ಲಿಸರಾಲ್

ಇವು ಮೂರನ್ನೂ ಬೇಗ ಮುಗಿಸುತ್ತೇನೆ.

ಹಾಲೊಡಕಿನಲ್ಲಿ ಶೇ. 4.5–5ರಷ್ಟು ಲ್ಯಾಕ್ಟೋಸ್ ಇದೆ. ನೋಡಲು ಆಸೆ ಹುಟ್ಟಿಸುವ ಅಂಕಿ. ಆದರೆ ಲ್ಯಾಕ್ಟೇಸ್ ಕಿಣ್ವ ಹಾಕಿ ಮುರಿಯಬೇಕು. ಮುರಿದರೂ ಸಿಗುವುದು ಅರ್ಧ ಗ್ಲೂಕೋಸ್, ಅರ್ಧ ಗ್ಯಾಲಕ್ಟೋಸ್. ಗ್ಲೂಕೋಸ್ ಖಾಲಿಯಾಗುತ್ತದೆ, ಗ್ಯಾಲಕ್ಟೋಸ್ ಹೆಚ್ಚಾಗಿ ಹಾಗೇ ಉಳಿಯುತ್ತದೆ. ಪ್ರೋಟೀನನ್ನು ಮೊದಲೇ ಕಾಯಿಸಿ ಒಡೆದು ಸೋಸಿ ತೆಗೆಯಬೇಕು. ಡೈರಿಯ ಪಕ್ಕದಲ್ಲೇ ಇದ್ದು, ಈ ನೀರನ್ನು ಎಲ್ಲಿ ಬಿಡುವುದು ಎಂಬ ತಲೆನೋವು ಅವರಿಗೂ ಇದ್ದರೆ ಯೋಚಿಸಿ. ಹುಡುಕಿಕೊಂಡು ಹೋಗುವ ವಸ್ತು ಅಲ್ಲ.

ಅಕ್ಕಿ ನುಚ್ಚು, ತೌಡು, ಆಲೂಗಡ್ಡೆ ಸಿಪ್ಪೆ, ಮರಗೆಣಸಿನ ಚರಟ ಇವೆಲ್ಲ ಪಿಷ್ಟದ ಗುಂಪು. ಬೇಯಿಸಿ, ಅಮೈಲೇಸ್ ಕಿಣ್ವ ಹಾಕಿ ಸಕ್ಕರೆ ಮಾಡಬೇಕು. ಈ ಕಿಣ್ವಗಳು ಸುಲಭವಾಗಿ ಸಿಗುತ್ತವೆ, ಕೆಲಸವೂ ಚೊಕ್ಕ. ಹುಲ್ಲಿನಷ್ಟು ಕಷ್ಟ ಇಲ್ಲ. ಮುರಿದಾಗ ಬರುವುದು ಹೆಚ್ಚಾಗಿ ಗ್ಲೂಕೋಸ್ ಆದ್ದರಿಂದ ಮೇಲೆ ಹೇಳಿದ ಗ್ಲುಕೋನಿಕ್ ಆಮ್ಲದ ಮೇಲೆ ಕಣ್ಣಿಡಿ. ಪಿಎಚ್ 3.5ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು.

ಎಣ್ಣೆಬೀಜದಿಂದ ಬಯೋಡೀಸೆಲ್ ಮಾಡುವ ಕಡೆ ಪ್ರತಿ 100 ಕಿಲೋ ಡೀಸೆಲ್‌ಗೆ ಸುಮಾರು 10 ಕಿಲೋ ಕಚ್ಚಾ ಗ್ಲಿಸರಾಲ್ ಉಳಿಯುತ್ತದೆ. ಗ್ಲುಕೋನಿಕ್ ಆಮ್ಲದ ಕಾಟವೇ ಇಲ್ಲದಿರುವುದು ಇದರ ದೊಡ್ಡ ಗುಣ. ಕೆಡುವುದೂ ಇಲ್ಲ. ಆದರೆ ಜೊತೆಗೆ ಸಾಬೂನು, ಉಪ್ಪು, ಮೆಥನಾಲ್ ಇರುತ್ತವೆ. ಆಮ್ಲ ಹಾಕಿದರೆ ಸಾಬೂನು ಕೊಬ್ಬಾಗಿ ಮೇಲೆ ತೇಲುತ್ತದೆ, ತೆಗೆಯಬಹುದು. ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಅದನ್ನು ಆವಿ ಮಾಡಿ ತೆಗೆಯಲು ಸರಿಯಾದ ವ್ಯವಸ್ಥೆ ಇಲ್ಲದ ಕಡೆ, ಮನೆಯಲ್ಲಂತೂ, ಇದು ಬೇಡವೇ ಬೇಡ.

ಹುಲ್ಲು, ದಿಂಡು, ಕಬ್ಬಿನ ಸಿಪ್ಪೆ: ಬಟ್ಟೆ ಬಿಚ್ಚಿ ಮತ್ತೆ ನೇಯುವ ಕೆಲಸ

ಜಗತ್ತಿನಲ್ಲಿ ಇದಕ್ಕಿಂತ ಹೇರಳವಾದ ಕೃಷಿ ತ್ಯಾಜ್ಯ ಇಲ್ಲ. ಗದ್ದೆಯಲ್ಲೇ ಸುಡುವಷ್ಟು ಇದೆ. ಒಣಗಿದ್ದರೆ ಕೆಡುವುದಿಲ್ಲ. ಹೆಚ್ಚು ಜನ ಮೋಸ ಹೋಗುವುದೂ ಇಲ್ಲೇ.

ಸ್ವಲ್ಪ ನಿಂತು ಯೋಚಿಸಿ. ಹುಲ್ಲಿನಲ್ಲಿ ಇರುವುದೇ ಸೆಲ್ಯುಲೋಸ್. ಅದನ್ನು ಆಮ್ಲ, ಬಿಸಿ, ಕಿಣ್ವಗಳಿಂದ ಚಿಂದಿ ಮಾಡಿ ಗ್ಲೂಕೋಸ್ ತೆಗೆಯುತ್ತೇವೆ. ಆ ಗ್ಲೂಕೋಸ್ ಕೊಟ್ಟು ಮತ್ತೆ ಸೆಲ್ಯುಲೋಸ್ ನೇಯಿಸುತ್ತೇವೆ. ಒಂದು ಕಿಲೋ ಒಣಹುಲ್ಲಿನಲ್ಲಿ 350 ಗ್ರಾಂ ಸೆಲ್ಯುಲೋಸ್ ಇದೆ ಎಂದುಕೊಳ್ಳಿ. ಒಂದು ಚೂರೂ ಬಿಡದೆ ಮುರಿದರೆ ಸುಮಾರು 390 ಗ್ರಾಂ ಗ್ಲೂಕೋಸ್. ಅದರಲ್ಲಿ ಕಾಲು ಭಾಗ ನಾರಾದರೆ ಕೈಗೆ ಬರುವುದು 100 ಗ್ರಾಂಗಿಂತ ಕಡಿಮೆ. ಅಂದರೆ 350 ಗ್ರಾಂ ನಾರು ಕೊಟ್ಟು 100 ಗ್ರಾಂ ನಾರು ವಾಪಸ್ ಪಡೆದ ಹಾಗೆ. ಬಂದದ್ದು ಹೆಚ್ಚು ಶುದ್ಧ, ಹೆಚ್ಚು ನಯ, ಒಪ್ಪೋಣ. ಆದರೆ ಬರೀ ಕಾಗದವೋ ರಟ್ಟೋ ಬೇಕಿದ್ದರೆ ಹುಲ್ಲಿನ ನಾರನ್ನೇ ನೇರವಾಗಿ ಬಳಸಬಹುದಿತ್ತಲ್ಲ?

ಕೆಲಸವೂ ಸಲೀಸಲ್ಲ. ಆಮ್ಲದಲ್ಲಿ ಕಾಯಿಸಿದಾಗ ಸಕ್ಕರೆಯ ಜೊತೆ ಫರ್ಫುರಲ್, ಹೈಡ್ರಾಕ್ಸಿಮಿಥೈಲ್ ಫರ್ಫುರಲ್, ಲಿಗ್ನಿನ್‌ನಿಂದ ಬರುವ ಫಿನಾಲ್‌ಗಳು, ಅಸಿಟಿಕ್ ಆಮ್ಲ ಎಲ್ಲವೂ ಇಳಿಯುತ್ತವೆ. ಅಸಿಟಿಕ್ ಆಮ್ಲಕ್ಕೆ ನಮ್ಮ ಆಸಾಮಿ ಹೆದರುವುದಿಲ್ಲ, ವಿನೆಗರ್ ಕುಲದವನು. ಉಳಿದವು ವಿಷ. ಸುಣ್ಣ ಹಾಕಿ ಪಿಎಚ್ 10ಕ್ಕೆ ಏರಿಸಿ, ಬೆಚ್ಚಗೆ ಕೆಲವು ಗಂಟೆ ಇಟ್ಟು, ಮತ್ತೆ ಇಳಿಸಿ, ಇದ್ದಿಲಿನಲ್ಲಿ ಸೋಸಬೇಕು. ಈ ಶುದ್ಧೀಕರಣದಲ್ಲಿ ಸಕ್ಕರೆಯೂ ಒಂದಷ್ಟು ಹೋಗುತ್ತದೆ. ಹೆಮಿಸೆಲ್ಯುಲೋಸ್‌ನಿಂದ ಬರುವ ಕ್ಸೈಲೋಸ್ ಎಂಬ ಸಕ್ಕರೆಯನ್ನು ಬಹಳ ತಳಿಗಳು ಸರಿಯಾಗಿ ತಿನ್ನುವುದಿಲ್ಲ. ಅದೂ ವ್ಯರ್ಥ.

ಕಿಣ್ವದ ದಾರಿ ಹಿಡಿದರೆ ಈ ವಿಷಗಳು ಕಡಿಮೆ. ಆದರೆ ಅಲ್ಲಿ ಬಳಸುವುದು ಸೆಲ್ಯುಲೇಸ್, ಸೆಲ್ಯುಲೋಸನ್ನೇ ತಿನ್ನುವ ಕಿಣ್ವ. ಹುಲ್ಲು ಮುರಿದ ಮೇಲೆ ಅದು ದ್ರವದಲ್ಲಿ ಬದುಕಿದ್ದರೆ ಬ್ಯಾಕ್ಟೀರಿಯಾ ಒಂದು ಕಡೆ ನೇಯುತ್ತದೆ, ಕಿಣ್ವ ಇನ್ನೊಂದು ಕಡೆ ಬಿಚ್ಚುತ್ತದೆ. ಹೆಪ್ಪು ಹಾಕುವ ಮೊದಲು ಚೆನ್ನಾಗಿ ಕುದಿಸಿ ಅದನ್ನು ನಿಷ್ಕ್ರಿಯ ಮಾಡುವುದನ್ನು ಮರೆಯಬೇಡಿ.

ಹಾಗಾದರೆ ಈ ದಾರಿ ಯಾರಿಗೆ? ಹುಲ್ಲಿನಿಂದ ಎಥನಾಲ್ ಮಾಡುವ ಘಟಕದಲ್ಲಿ ಸಕ್ಕರೆ ದ್ರವ ಆಗಲೇ ತಯಾರಾಗುತ್ತಿದ್ದು, ಅದರಲ್ಲಿ ಒಂದು ಪಾಲು ಸಿಗುವವರಿಗೆ. ಅಥವಾ ಸಂಶೋಧನೆ ಮಾಡುವವರಿಗೆ. ಬರೀ ಹುಲ್ಲು ಪುಕ್ಕಟೆ ಸಿಗುತ್ತದೆ ಎಂಬ ಕಾರಣಕ್ಕೆ ಶುರು ಮಾಡುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಸಕ್ಕರೆ ಸಿಕ್ಕಿತು, ಸಾರಜನಕ?

ಬಹಳ ಜನ ಇಲ್ಲಿ ಎಡವುತ್ತಾರೆ. ತ್ಯಾಜ್ಯದಿಂದ ಸಕ್ಕರೆ ಉಳಿಸಿ, ದುಬಾರಿ ಪೆಪ್ಟೋನನ್ನು ಹಾಗೇ ಹಾಕುತ್ತಾರೆ. ಉಳಿತಾಯ ಎಲ್ಲಿ ಬಂತು? ಸಾರಜನಕಕ್ಕೂ ತ್ಯಾಜ್ಯವನ್ನೇ ಹುಡುಕಬೇಕು. ಮೆಕ್ಕೆಜೋಳದ ಪಿಷ್ಟ ತೆಗೆಯುವ ಕಾರ್ಖಾನೆಯಲ್ಲಿ ಜೋಳ ನೆನೆಸಿದ ನೀರನ್ನು ಗಟ್ಟಿ ಮಾಡಿ ಮಾರುತ್ತಾರೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಅಮೈನೋ ಆಮ್ಲ, ವಿಟಮಿನ್ ಇವೆ. ಅದರ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗೆ ಶಕ್ತಿಯಾಗುತ್ತದೆ, ಪಿಎಚ್ ದಿಢೀರ್ ಕುಸಿಯದ ಹಾಗೂ ತಡೆಯುತ್ತದೆ. ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟ್ ಗಸಿಯನ್ನು ಬೇಯಿಸಿ ಸೋಸಿದರೂ ಆಗುತ್ತದೆ. ಎರಡೂ ಇಲ್ಲದಿದ್ದರೆ ಅಮೋನಿಯಂ ಸಲ್ಫೇಟ್. ಅದು ತೆಂಗಿನ ನೀರಿಗೆ, ಕಾಕಂಬಿಗೆ ಸಾಕಾಗುತ್ತದೆ, ಯಾಕೆಂದರೆ ಅವುಗಳಲ್ಲಿ ಖನಿಜ, ವಿಟಮಿನ್ ಒಂದಷ್ಟು ಇವೆ. ಸ್ವಚ್ಛ ಮಾಡಿದ ಹುಲ್ಲಿನ ಸಕ್ಕರೆಗೆ ಬರೀ ಅಮೋನಿಯಂ ಸಲ್ಫೇಟ್ ಸಾಲುವುದಿಲ್ಲ.

ಹಾಳೆ ಯಾತಕ್ಕೆ ಬೇಕು?

ಕೆನೆ ತೆಗೆದ ಮೇಲೆ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಬೇಕು. ಲೀಟರಿಗೆ 4ರಿಂದ 20 ಗ್ರಾಂ, 80–90 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ. ಬ್ಯಾಕ್ಟೀರಿಯಾ ಸಾಯುತ್ತದೆ, ಪ್ರೋಟೀನ್ ಕರಗುತ್ತದೆ, ಹಳದಿ ಹಾಳೆ ಪಾರದರ್ಶಕವಾಗುತ್ತದೆ. ಆಮೇಲೆ ನೀರು ಬದಲಿಸುತ್ತಾ ಪಿಎಚ್ 7 ಬರುವ ತನಕ ತೊಳೆಯಬೇಕು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ತೆಂಗಿನ ನೀರಿನ ಹಾಳೆಗೆ ಒಂದು ಸಲ ಸಾಕಾಗಬಹುದು. ಕಾಕಂಬಿಯದಕ್ಕೆ ಎರಡು ಮೂರು ಸಲ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಕಾಗಬಹುದು. ಆ ಸೋಡಾ, ಆ ನೀರು, ಆ ಸೌದೆ ಇವೆಲ್ಲ ಕಾಕಂಬಿಯ ಲೆಕ್ಕಕ್ಕೇ ಸೇರಬೇಕಾದ ಖರ್ಚು.

ಚರ್ಮದಂಥ ವಸ್ತು ಮಾಡುವವರಿಗೆ ಕಂದು ಬಣ್ಣ ಬೇಕಾಗಿಯೇ ಇರುತ್ತದೆ. ಅವರಿಗೆ ಕಾಕಂಬಿ, ಕಾಫಿ ಸಿಪ್ಪೆ ವರ. ಕಾಗದಕ್ಕೆ ಬಲ ಕೊಡಲು, ದ್ರವ ಗಟ್ಟಿ ಮಾಡಲು ಅರೆದು ಬಳಸುವವರಿಗೆ ಹಾಳೆಯೇ ಬೇಕಿಲ್ಲ. ಅವರು ಗಾಳಿ ಊದುತ್ತಾ ಕಲಕುವ ಟ್ಯಾಂಕಿನಲ್ಲಿ ಉಂಡೆಯಾಗಿ ಬೆಳೆಸಬಹುದು. ಕಲಕುವಾಗ ನಾರು ನೇಯದ ಸೋಮಾರಿ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುವ ಅಪಾಯ ಇದೆ, ಸ್ವಲ್ಪ ಎಥನಾಲ್ ಅದನ್ನು ತಡೆಯುತ್ತದೆ. ತಿನ್ನುವ ಉದ್ದೇಶ ಇದ್ದರೆ ತಿನ್ನಲು ಯೋಗ್ಯವಾದ ಕಚ್ಚಾವಸ್ತು ಮಾತ್ರ. ಆಮ್ಲ ಹಾಕಿ ಮುರಿದ ಹುಲ್ಲಿನ ರಸ, ಕಚ್ಚಾ ಗ್ಲಿಸರಾಲ್ ಹತ್ತಿರವೂ ಬರಬಾರದು. ಗಾಯದ ಮೇಲೆ ಹಾಕುವ ಪಟ್ಟಿಯ ಮಾತೇ ಬೇರೆ. ಇದು ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ, ಅದರ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಪೂರ್ತಿ ಹೋಗಿದೆ ಎಂದು ಪರೀಕ್ಷೆ ಮಾಡಿ ತೋರಿಸಬೇಕು. ಅಲ್ಲಿ ಪ್ರತಿ ಸಲವೂ ಒಂದೇ ಥರ ಇರುವ ಕಚ್ಚಾವಸ್ತು ಬೇಕು. ದಿನಕ್ಕೊಂದು ಥರದ ಸಿಪ್ಪೆ ನಡೆಯುವುದಿಲ್ಲ. ಆ ದಾರಿಯಲ್ಲಿ ಶುದ್ಧ ಗ್ಲೂಕೋಸ್ ಕೊಳ್ಳುವುದೇ ಕೊನೆಗೆ ಅಗ್ಗವಾದರೂ ಆಶ್ಚರ್ಯವಿಲ್ಲ.

ಟನ್ನುಗಟ್ಟಲೆ ತರುವ ಮೊದಲು ನಾಲ್ಕು ಬಾಟಲಿ

ನಿಮಗೆ ಹತ್ತಿರದಲ್ಲಿ ಸಿಗುವುದು ಎರಡೋ ಮೂರೋ ವಸ್ತು ಇರುತ್ತವೆ. ಓದಿ ತೀರ್ಮಾನಿಸಬೇಡಿ, ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಅಗಲದ ಬಾಯಿಯ ನಾಲ್ಕು ಗಾಜಿನ ಬಾಟಲಿ ತೆಗೆದುಕೊಳ್ಳಿ. ಬಾಯಿಯ ಅಗಲ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ, ಯಾಕೆಂದರೆ ಕೆನೆ ಬೆಳೆಯುವುದು ಗಾಳಿ ಸಿಗುವ ಜಾಗದಲ್ಲಿ. ಒಂದರಲ್ಲಿ ಹೆಸ್ಟ್ರಿನ್–ಶ್ರಮ್ ಪಾಕ. ಎರಡನೆಯದರಲ್ಲಿ ನಿಮ್ಮ ತ್ಯಾಜ್ಯದ ರಸ, ಸೋಸಿ ಕುದಿಸಿದ್ದು ಅಷ್ಟೇ. ಮೂರನೆಯದರಲ್ಲಿ ಅದೇ ರಸಕ್ಕೆ ಸಾರಜನಕ. ನಾಲ್ಕನೆಯದರಲ್ಲಿ ಸಾರಜನಕದ ಜೊತೆ ಶೇ. 1ರಷ್ಟು ಎಥನಾಲ್, ಇದನ್ನು ರಸ ಆರಿದ ಮೇಲೆ ಹಾಕಿ, ಬಿಸಿಯಲ್ಲಿ ಹಾರಿಹೋಗುತ್ತದೆ. ನಾಲ್ಕರಲ್ಲೂ ಸಕ್ಕರೆ ಲೀಟರಿಗೆ 20 ಗ್ರಾಂ ಆಸುಪಾಸು, ಪಿಎಚ್ 5, ಹತ್ತನೇ ಒಂದು ಭಾಗ ಹೆಪ್ಪು. ಬಾಯಿಗೆ ಬಟ್ಟೆ ಕಟ್ಟಿ, ಕತ್ತಲಲ್ಲಿ, ಹತ್ತು ದಿನ. ಎತ್ತಿ ನೋಡಬೇಡಿ!

ಯಾವುದಾದರೂ ಬಾಟಲಿಯಲ್ಲಿ ಹಸಿರು, ಕಪ್ಪು ಬೂಷ್ಟು ಬಂದರೆ ಕೆರೆದು ಉಳಿಸಿಕೊಳ್ಳುವ ಆಸೆ ಬೇಡ, ಇಡೀ ಬಾಟಲಿ ಚೆಲ್ಲಿ. ಉಳಿದವುಗಳ ಪಿಎಚ್ ಬರೆದಿಟ್ಟುಕೊಳ್ಳಿ. ಕೆನೆಗಳನ್ನು ಸೋಡಾದಲ್ಲಿ ಬೇಯಿಸಿ, ತೊಳೆದು, 60 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಆಮೇಲೆ ತೂಗಿ. ತೊಳೆಯದೆ ತೂಗಿದರೆ ಕಾಕಂಬಿಯದೇ ಗೆಲ್ಲುವ ಸಂಭವ ಜಾಸ್ತಿ, ಸಕ್ಕರೆ, ಉಪ್ಪು, ಬಣ್ಣ ಎಲ್ಲ ಹಾಳೆಯಲ್ಲೇ ಕೂತಿರುತ್ತವೆ. ಎರಡನೇ ಬಾಟಲಿಯೇ ಮೊದಲನೆಯದರ ಅರ್ಧದಷ್ಟು ಕೊಟ್ಟಿದ್ದರೆ ಆ ವಸ್ತುವಿನ ಬೆನ್ನು ಹತ್ತಬಹುದು. ಮೂರನೆಯದೂ ನಾಲ್ಕನೆಯದೂ ಸೊರಗಿದ್ದರೆ ರಸದಲ್ಲಿ ಏನೋ ವಿಷ ಇದೆ ಅಂತ ಅರ್ಥ. ಆಗ ಅದೇ ರಸಕ್ಕೆ ಒಂದು ಚಮಚ ಸಕ್ರಿಯ ಇದ್ದಿಲು ಹಾಕಿ, ಕಲಕಿ, ಸೋಸಿ, ಐದನೇ ಬಾಟಲಿ ಇಡಿ.